ಫುಲೇರಾದಲ್ಲಿ ಎಲ್ಲಿಯವರೆಗೆ ಇರಬೇಕು?

ಓಟಿಟಿಯಲ್ಲಿ ನೋಡುವಂಥ ಸೀರೀಸ್ ಯಾವುದಿದೆ ಎಂಬ ಪ್ರಶ್ನೆ ಈಗ ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆ ಛತ್ರದಲ್ಲಿ, ಮನೆಮಂದಿಯ ವಾಟ್ಸ್ಯಾಪ್ ಗುಂಪಿನಲ್ಲಿ ದಿನವೂ ಕೇಳಿಬರುತ್ತದೆ. ಉತ್ತರವಾಗಿ ಬರುವುದು ಐದಾರು ಹೆಸರು, ಜೊತೆಗೆ ‘ಸೂಪರ್ ಆಗಿದೆ, ಮಿಸ್ ಮಾಡ್ಬೇಡಿ’ ಎಂಬ ಒಂದು ಮಾತು. ಸಿನಿಮಾಕ್ಕಾದರೆ ಇಷ್ಟು ಸಾಕಾಗುತ್ತಿತ್ತು. ನೋಡಿ ಬೇಸರವಾದರೂ ಹೋಗುವುದು ಒಂದು ಸಂಜೆ. ಸೀರೀಸ್ ಬೇಡುವುದು ಅದಕ್ಕಿಂತ ಹೆಚ್ಚು. ವಾರಗಟ್ಟಲೆ ರಾತ್ರಿಗಳನ್ನು ಕೇಳುತ್ತದೆ, ಮುಗಿಯಿತು ಅಂದುಕೊಂಡ ಮೇಲೂ ಎರಡು ವರ್ಷ ಬಿಟ್ಟು ಮತ್ತೆ ಬಾಗಿಲು ತಟ್ಟುತ್ತದೆ. ಮೊದಲ ಸೀಸನ್ ನೋಡಿ ಹೇಳಿದ ಮಾತು ನಾಲ್ಕನೆಯದಕ್ಕೆ ಸಲ್ಲಬೇಕೆಂದಿಲ್ಲ. ಹಾಗಾಗಿ ಒಂದು ಸೀರೀಸ್ ನೋಡಿ ಎಂದು ಇನ್ನೊಬ್ಬರಿಗೆ ಹೇಳುವವರು ಎರಡು ವಿಷಯ ಸೇರಿಸಿ ಹೇಳಬೇಕು: ಯಾಕೆ ನೋಡಬೇಕು, ಎಲ್ಲಿಯವರೆಗೆ ನೋಡಬೇಕು.

ಈ ಎರಡನ್ನೂ ಪರೀಕ್ಷಿಸಿ ನೋಡಲು ‘ಪಂಚಾಯತ್’ಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅಮೆಜಾನ್ ಪ್ರೈಮ್‌ನಲ್ಲಿ 2020ರ ಏಪ್ರಿಲ್ 3ರಂದು ಶುರುವಾದ ಈ ಹಿಂದಿ ಸೀರೀಸ್ 2022, 2024 ಮತ್ತು 2025ರಲ್ಲಿ ಮತ್ತೆ ಮತ್ತೆ ಬಂತು. ಸೀಸನ್ನಿಗೆ ಎಂಟರಂತೆ ಒಟ್ಟು ಮೂವತ್ತೆರಡು ಕಂತು. ಟಿವಿಎಫ್ ಸಂಸ್ಥೆಯ ನಿರ್ಮಾಣ, ಚಂದನ್ ಕುಮಾರ್ ಬರವಣಿಗೆ, ದೀಪಕ್ ಕುಮಾರ್ ಮಿಶ್ರಾ ನಿರ್ದೇಶನ. 2023ರಲ್ಲಿ ಗೋವಾದ ಅಂತಾರಾಷ್ಟ್ರೀಯ ಚಿತ್ರೋತ್ಸವ ಮೊದಲ ಸಲ ವೆಬ್ ಸೀರೀಸ್‌ಗೂ ಪ್ರಶಸ್ತಿ ಕೊಟ್ಟಾಗ ಅದು ಇದರ ಎರಡನೇ ಸೀಸನ್‌ಗೆ ಸಂದಿತು. ಐದನೇ ಸೀಸನ್ ಕೂಡ ಘೋಷಣೆಯಾಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದರ ಮೊದಲ ಹದಿನಾರು ಕಂತುಗಳು ನಮ್ಮ ದೇಶದ ಓಟಿಟಿಯಲ್ಲಿ ಬಂದ ಅತ್ಯುತ್ತಮ ಕೆಲಸಗಳ ಸಾಲಿಗೆ ಸೇರುತ್ತವೆ. ಆಮೇಲಿನ ಹದಿನಾರು ಆ ಎತ್ತರವನ್ನು ಉಳಿಸಿಕೊಂಡಿಲ್ಲ. ಹೀಗಾದದ್ದು ಯಾಕೆ ಎಂಬುದನ್ನು ಬಿಡಿಸಿ ನೋಡಿದರೆ, ಬೇರೆ ಸೀರೀಸ್‌ಗಳನ್ನು ತೂಗುವುದಕ್ಕೂ ಒಂದು ಅಳತೆಗೋಲು ಸಿಗುತ್ತದೆ. ಕಥೆಯ ತಿರುವುಗಳನ್ನು ಮುಚ್ಚಿಟ್ಟುಕೊಂಡು ಈ ಕೆಲಸ ಆಗುವುದಿಲ್ಲವಾದ್ದರಿಂದ ಮುಂದೆ ಎಲ್ಲವನ್ನೂ ಬಿಚ್ಚಿಯೇ ಹೇಳುತ್ತೇನೆ.

ಕಥೆ ಸರಳ. ಅಭಿಷೇಕ್ ತ್ರಿಪಾಠಿ ಎಂಬ ಎಂಜಿನಿಯರಿಂಗ್ ಪದವೀಧರನಿಗೆ ಒಳ್ಳೆಯ ಕೆಲಸ ಸಿಗಲಿಲ್ಲ. ಸಿಕ್ಕಿದ್ದು ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಫುಲೇರಾ ಎಂಬ ಊರಿನಲ್ಲಿ ಪಂಚಾಯಿತಿ ಕಾರ್ಯದರ್ಶಿಯ ಹುದ್ದೆ, ಸಂಬಳ ತಿಂಗಳಿಗೆ 20 ಸಾವಿರ. ಊರು ಕಾಲ್ಪನಿಕ. ಚಿತ್ರೀಕರಣ ನಡೆದದ್ದು ಮಧ್ಯಪ್ರದೇಶದ ಸೀಹೋರ್ ಜಿಲ್ಲೆಯ ಮಹೋಡಿಯಾ ಎಂಬ ಹಳ್ಳಿಯಲ್ಲಿ. ಅಭಿಷೇಕ್ ಮನಸ್ಸಿಲ್ಲದೆ ಬರುತ್ತಾನೆ, ಪಂಚಾಯಿತಿ ಕಚೇರಿಯಲ್ಲೇ ಮಲಗುತ್ತಾನೆ, ರಾತ್ರಿ ಕೂತು ಎಂಬಿಎ ಪ್ರವೇಶ ಪರೀಕ್ಷೆಗೆ ಓದುತ್ತಾನೆ. ಹೇಗಾದರೂ ಮಾಡಿ ಇಲ್ಲಿಂದ ಪಾರಾಗಬೇಕು ಎಂಬುದೊಂದೇ ಅವನ ಆಸೆ. ಜಿತೇಂದ್ರ ಕುಮಾರ್ ಈ ಪಾತ್ರವನ್ನು ಎಲ್ಲೂ ನಾಯಕನನ್ನಾಗಿ ಮಾಡುವುದಿಲ್ಲ. ಸಿಟ್ಟು, ಸಣ್ಣತನ, ಬೇಸರ, ಅಪರೂಪಕ್ಕೆ ಬರುವ ಒಂದು ನಗು, ಇಷ್ಟರಲ್ಲೇ ಮನುಷ್ಯನನ್ನು ಕಟ್ಟುತ್ತಾರೆ.

ಇದು ಬಂದ ಹೊತ್ತನ್ನೂ ನೆನಪಿಟ್ಟುಕೊಳ್ಳಬೇಕು. ದೇಶಕ್ಕೆ ಬೀಗ ಬಿದ್ದದ್ದು 2020ರ ಮಾರ್ಚ್ 25ಕ್ಕೆ. ಆಗ ನಗರಗಳಲ್ಲಿ ದುಡಿಯಲು ಹೋಗಿದ್ದವರು ಹೆದ್ದಾರಿಗಳಲ್ಲಿ ನಡೆದು ತಮ್ಮ ಊರುಗಳಿಗೆ ಹೊರಟಿದ್ದರು. ನಗರವೇ ಬದುಕು ಎಂದು ನಂಬಿದ ಹುಡುಗನೊಬ್ಬ ಒಲ್ಲದ ಮನಸ್ಸಿನಿಂದ ಹಳ್ಳಿಗೆ ಬರುವ ಕಥೆ ಅದೇ ದಿನಗಳಲ್ಲಿ ನಮ್ಮ ಮನೆಗಳ ಪರದೆಗೆ ಬಂತು. ಆದರೂ ಈ ಸೀರೀಸ್ ಉಳಿದದ್ದು ಆ ಹೊತ್ತಿನ ಕಾರಣಕ್ಕಲ್ಲ. ಐದು ವರ್ಷ ಕಳೆದು ನೋಡಿದರೂ ಮೊದಲ ಸೀಸನ್ ಮಾಸಿಲ್ಲ.

ಅದಕ್ಕೆ ಕಾರಣ ಕಥೆಗಾರ ಆರಿಸಿಕೊಂಡ ಗಾತ್ರ. ಮೊದಲ ಕಂತಿನ ಬಹುಪಾಲು ಹೋಗುವುದು ಪಂಚಾಯಿತಿ ಕಚೇರಿಯ ಬೀಗದ ಕೈ ಹುಡುಕುವುದರಲ್ಲಿ. ಇನ್ನೊಂದು ಕಂತಿನಲ್ಲಿ ಕಚೇರಿಯ ಮಾನಿಟರ್ ಕಳುವಾಗುತ್ತದೆ. ಮತ್ತೊಂದರಲ್ಲಿ ಕುಟುಂಬ ಯೋಜನೆಯ ಘೋಷಣೆಯನ್ನು ಗೋಡೆ ಮೇಲೆ ಬರೆಸಿದ್ದಕ್ಕೆ, ಎರಡಕ್ಕಿಂತ ಹೆಚ್ಚು ಮಕ್ಕಳಿರುವ ಮನೆಯವರೆಲ್ಲ ಜಗಳಕ್ಕೆ ಬರುತ್ತಾರೆ. ಕೊಲೆಯಿಲ್ಲ, ಕಂತಿನ ಕೊನೆಗೆ ಎದೆ ಝಲ್ಲೆನಿಸುವ ತಿರುವಿಲ್ಲ. ಸರ್ಕಾರ ಎಂಬುದು ಒಂದು ಹಳ್ಳಿಗೆ ತಲುಪುವಾಗ ಎಷ್ಟು ಸಣ್ಣ ಸಣ್ಣ ಕೆಲಸಗಳಾಗಿ ಒಡೆದು ತಲುಪುತ್ತದೆ, ಆ ಸಣ್ಣ ಕೆಲಸದಲ್ಲೂ ಎಷ್ಟು ಜನರ ಮಾನ, ಆಸೆ, ಹಟ ಸೇರಿಕೊಂಡಿರುತ್ತದೆ ಎಂಬುದೇ ಇಲ್ಲಿಯ ಕಥಾವಸ್ತು. ಅಷ್ಟನ್ನು ನಂಬಿ ಅರ್ಧ ಗಂಟೆಯ ಕಂತನ್ನು ಕಟ್ಟಲು ಧೈರ್ಯ ಬೇಕು.

ಸೋಲಾರ್ ದೀಪಗಳ ಕಂತನ್ನೇ ನೋಡಿ. ಊರಿಗೆ ಸೋಲಾರ್ ಬೀದಿದೀಪಗಳು ಮಂಜೂರಾಗಿವೆ. ಎಲ್ಲಿ ನೆಡಬೇಕು ಎಂದು ತೀರ್ಮಾನಿಸಲು ಸಭೆ ಸೇರುತ್ತದೆ. ಸಭೆಯಲ್ಲಿ ಕೂತವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮನೆ ಮುಂದಕ್ಕೆ ಒಂದೊಂದು ಬರೆಸಿಕೊಳ್ಳುತ್ತಾರೆ. ಯಾರೂ ದನಿ ಎತ್ತುವುದಿಲ್ಲ, ಯಾರೂ ಕೆಟ್ಟವರಂತೆ ಕಾಣುವುದೂ ಇಲ್ಲ. ದೀಪ ಮನೆ ಮುಂದೆ ಬರುವುದು ಸಹಜ ಎಂಬಂತೆ ಮಾತು ಸಾಗುತ್ತದೆ. ಅಭಿಷೇಕನಿಗೂ ರಾತ್ರಿ ಓದಲು ಕಚೇರಿ ಎದುರು ಒಂದು ದೀಪ ಬೇಕು, ಆದರೆ ಉಳಿದ ದೀಪ ದೆವ್ವವಿದೆಯೆಂದು ಜನ ಹೆದರುವ ಮರದ ಬಳಿಗೆ ಹೋಗಬೇಕಾಗಿದೆ. ಹಾಗಾಗಿ ಅವನು ದೆವ್ವದ ಕಥೆಯ ಮೂಲ ಹುಡುಕಲು ಹೊರಡುತ್ತಾನೆ. ಮೂಢನಂಬಿಕೆಯ ವಿರುದ್ಧ ಹೋರಾಡುವ ವಿದ್ಯಾವಂತನ ಪಾತ್ರ ಇಲ್ಲಿ ಸುಲಭವಾಗಿ ಹುಟ್ಟಿಬಿಡಬಹುದಿತ್ತು. ಚಂದನ್ ಕುಮಾರ್ ಹಾಗೆ ಮಾಡದೆ ಅವನನ್ನು ಹೊರಡಿಸುವುದು ಅವನದೇ ಸ್ವಾರ್ಥದಿಂದ. ಕೆಲಸ ಒಳ್ಳೆಯದು, ಕಾರಣ ಸಣ್ಣದು. ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಈ ಸಭೆ ಹೊಸದಲ್ಲ. ನಮ್ಮ ಊರುಗಳಲ್ಲೂ ಬೀದಿದೀಪ, ಬೋರ್‌ವೆಲ್, ಸಿಮೆಂಟ್ ರಸ್ತೆ ಯಾರ ಮನೆ ಮುಂದೆ ಮೊದಲು ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಈ ಹದ ನಮಗೆ ಪರಿಚಿತವಾದದ್ದೇ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಆಗಿಸಿ ದೂರದರ್ಶನಕ್ಕೆ ಕೊಟ್ಟಾಗ ದೇಶವೆಲ್ಲ ನೋಡಿದ್ದು ಇಂಥದ್ದೇ ಸಣ್ಣ ಗಾತ್ರದ ಬದುಕನ್ನು. ಕೆಡುಕನ್ನು ಕಂಡೂ ಮನುಷ್ಯರನ್ನು ದ್ವೇಷಿಸದ ಆ ನೋಟ ಆಮೇಲಿನ ದಶಕಗಳ ಟಿವಿ ಧಾರಾವಾಹಿಗಳಲ್ಲಿ ಕಳೆದೇಹೋಗಿತ್ತು. ‘ಪಂಚಾಯತ್’ ಅದನ್ನು ಮರಳಿ ತಂದಿತು. ಇದು ಅದರ ಮೊದಲ ಗುಣ.

ಎರಡನೆಯ ಗುಣ ಮಂಜು ದೇವಿ. ಫುಲೇರಾದ ಪ್ರಧಾನರ ಸ್ಥಾನ ಮಹಿಳೆಗೆ ಮೀಸಲು. ಹಾಗಾಗಿ ಗೆದ್ದವಳು ಮಂಜು ದೇವಿ, ಅಧಿಕಾರ ನಡೆಸುವವನು ಗಂಡ ಬ್ರಿಜ್ ಭೂಷಣ್ ದುಬೆ. ಊರೆಲ್ಲ ಅವನನ್ನೇ ಪ್ರಧಾನ್‌ಜಿ ಎನ್ನುತ್ತದೆ. ರಘುಬೀರ್ ಯಾದವ್ ಈ ಗಂಡನನ್ನು ದುಷ್ಟನನ್ನಾಗಿ ಮಾಡುವುದಿಲ್ಲ. ಊರಿನ ಬಗ್ಗೆ ಕಾಳಜಿ ಇರುವ, ಸ್ವಲ್ಪ ಜಂಭದ, ಬಂದವರ ಕೈಗೆ ಹಿತ್ತಲಿನ ಸೋರೆಕಾಯಿ ಇಟ್ಟು ಕಳಿಸುವ ಮನುಷ್ಯ. ಹೆಂಡತಿಯ ಹಕ್ಕನ್ನು ಕಿತ್ತುಕೊಂಡಿದ್ದೇನೆ ಎಂಬುದು ಅವನ ತಲೆಗೆ ಹೊಳೆದಿಲ್ಲ. ಅನ್ಯಾಯ ಮಾಡುವವನು ಒಳ್ಳೆಯವನೂ ಆಗಿರಬಹುದು, ಹಾಗಿದ್ದಾಗಲೇ ಅನ್ಯಾಯ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಒಂದೇ ಒಂದು ಭಾಷಣವಿಲ್ಲದೆ ಈ ಪಾತ್ರ ತೋರಿಸುತ್ತದೆ.

ಮೊದಲ ಸೀಸನ್ನಿನ ಕೊನೆಯ ಕಂತು ನಡೆಯುವುದು ಜನವರಿ 26ರಂದು. ಧ್ವಜಾರೋಹಣವನ್ನು ಚುನಾಯಿತ ಪ್ರಧಾನಳೇ ಮಾಡಬೇಕು ಎಂಬ ಪ್ರಶ್ನೆ ಏಳುತ್ತದೆ. ಮಂಜು ದೇವಿಗೆ ರಾಷ್ಟ್ರಗೀತೆ ಪೂರ್ತಿ ಬಾರದು. ಅಭಿಷೇಕ್ ಹೇಳಿಕೊಡುತ್ತಾನೆ. ಮನೆಗೆಲಸದ ನಡುವೆ ಆಕೆ ಸಾಲು ಸಾಲಾಗಿ ಕಲಿಯಲು ನೋಡುತ್ತಾಳೆ, ಮರೆಯುತ್ತಾಳೆ, ಇದೆಲ್ಲ ನನಗ್ಯಾಕೆ ಎಂದು ಕೈಬಿಡುತ್ತಾಳೆ. ಅಷ್ಟರಲ್ಲಿ ಜಿಲ್ಲಾಧಿಕಾರಿ ಬರುತ್ತಾರೆ. ಅವರೂ ಹೆಂಗಸು. ಪ್ರಧಾನರೆಲ್ಲಿ ಎಂದು ಕೇಳಿದಾಗ ಗಂಡನ ಬಾಯಿ ಕಟ್ಟುತ್ತದೆ. ಕೊನೆಗೆ ಮಂಜು ದೇವಿ ಬಂದು ನಿಲ್ಲುತ್ತಾಳೆ, ಧ್ವಜ ಹಾರಿಸುತ್ತಾಳೆ, ಹಾಡುತ್ತಾಳೆ. ನಡುವೆ ತಡವರಿಸುತ್ತಾಳೆ, ಆದರೆ ಮುಗಿಸುತ್ತಾಳೆ. ನೀನಾ ಗುಪ್ತಾ ಈ ಕೆಲವು ನಿಮಿಷಗಳಲ್ಲಿ ಮಾಡಿರುವುದನ್ನು ಗಮನವಿಟ್ಟು ನೋಡಬೇಕು. ಮೊದಲು ದನಿಯಲ್ಲಿ ಅಳುಕು, ಕಣ್ಣು ಯಾರನ್ನೋ ಹುಡುಕುತ್ತಿದೆ. ತಡವರಿಸಿದ ಜಾಗ ದಾಟಿದ ಮೇಲೆ ದನಿ ನಿಲ್ಲುತ್ತದೆ, ನೋಟವೂ ನಿಲ್ಲುತ್ತದೆ. ಗೆದ್ದ ಚುನಾವಣೆ ಆಕೆಗೆ ನಿಜವಾಗಿ ದಕ್ಕಿದ್ದು ಆ ಕ್ಷಣದಲ್ಲಿ. ಹಿನ್ನೆಲೆ ಸಂಗೀತ ಕಣ್ಣೀರು ಕೇಳುವುದಿಲ್ಲ, ಕ್ಯಾಮೆರಾ ಓಡಾಡುವುದಿಲ್ಲ.

ಕರ್ನಾಟಕದವರಿಗೆ ಈ ದೃಶ್ಯ ದೂರದ ಉತ್ತರ ಪ್ರದೇಶದ್ದಾಗಿ ಕಾಣಲಾರದು. ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮುಂದೆ ನಿಂತು ತಂದ 1983ರ ಕಾಯ್ದೆ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ 25 ಮೀಸಲಾತಿ ಕೊಟ್ಟಿತ್ತು, 1987ರಲ್ಲಿ ಆ ಚುನಾವಣೆಯೂ ನಡೆಯಿತು. ಈಗ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರದು. ಹಾಗಿದ್ದೂ ‘ಅಧ್ಯಕ್ಷರು’ ಎಂದು ಕೂಗಿದರೆ ತಿರುಗಿ ನೋಡುವುದು ಅಧ್ಯಕ್ಷೆಯ ಗಂಡ ಎಂಬ ಊರುಗಳು ಇನ್ನೂ ಇವೆ. ಅದರ ಜೊತೆಗೆ, ಗಂಡನ ನೆರಳಲ್ಲಿ ಬಂದು ಎರಡನೇ ವರ್ಷದ ಹೊತ್ತಿಗೆ ಪಿಡಿಒ ತಂದಿಟ್ಟ ಬಿಲ್ಲನ್ನು ಓದದೆ ಸಹಿ ಹಾಕೆನೆಂದು ಕೂತ ಹೆಂಗಸರೂ ಇದ್ದಾರೆ. ಮಂಜು ದೇವಿಯ ಪಾತ್ರ ಈ ಎರಡರ ನಡುವಿನ ದಾರಿಯಲ್ಲಿ ನಡೆಯುತ್ತದೆ. ಪಾತ್ರ ಎಷ್ಟು ನಾಟಿತೆಂದರೆ, ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯ ‘ಪ್ರಧಾನ್ ಪತಿ’ ಪದ್ಧತಿಯ ವಿರುದ್ಧ ಜಾಗೃತಿ ಮೂಡಿಸಲು 2025ರ ಮಾರ್ಚ್‌ನಲ್ಲಿ ಇದೇ ಟಿವಿಎಫ್ ಜೊತೆ ಸೇರಿ, ನೀನಾ ಗುಪ್ತಾ ಅವರನ್ನೇ ಇಟ್ಟುಕೊಂಡು ‘ಅಸ್ಲೀ ಪ್ರಧಾನ್ ಕೌನ್?’ ಎಂಬ ಕಿರುಚಿತ್ರ ಹೊರತಂದಿತು.

ಮೂರನೆಯ ಗುಣ ಸೀರೀಸ್ ಎಂಬ ಪ್ರಕಾರಕ್ಕೆ ಮಾತ್ರ ಸಾಧ್ಯವಾದದ್ದು. ಉಪಪ್ರಧಾನ ಪ್ರಹ್ಲಾದ್ ಪಾಂಡೆ ಹದಿನೈದು ಕಂತುಗಳ ಕಾಲ ನಮ್ಮನ್ನು ನಗಿಸುತ್ತಾನೆ. ದೊಡ್ಡ ಮೈ, ದೊಡ್ಡ ನಗು, ಎಲ್ಲ ಜಗಳಕ್ಕೂ ಮುಂದೆ, ಎಲ್ಲ ಊಟಕ್ಕೂ ಮುಂದೆ. ಹೆಂಡತಿ ತೀರಿಹೋಗಿದ್ದಾಳೆ, ಒಬ್ಬನೇ ಮಗ ಸೈನ್ಯದಲ್ಲಿದ್ದಾನೆ ಎಂಬುದು ನಮಗೆ ಗೊತ್ತಿದ್ದೂ ಮನಸ್ಸಿನ ಮೂಲೆಯಲ್ಲಿ ಬಿದ್ದಿರುತ್ತದೆ. ಎರಡನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಆ ಮಗ ಹುತಾತ್ಮನಾದ ಸುದ್ದಿ ಊರಿಗೆ ಬರುತ್ತದೆ. ಗಡಿಯನ್ನು ತೋರಿಸುವುದಿಲ್ಲ, ಗುಂಡಿನ ಸದ್ದಿಲ್ಲ, ದೇಶಭಕ್ತಿಯ ಘೋಷಣೆಗಳನ್ನು ಮೇಲೆ ಹೇರುವುದಿಲ್ಲ. ಸಾವು ಬರುವುದು ಊರಿನ ನಾಲ್ಕು ಜನರ ಮುಖದ ಮೂಲಕ. ಫೈಸಲ್ ಮಲಿಕ್ ಈ ಕಂತಿನಲ್ಲಿ ಅತ್ತದ್ದು ಕಡಿಮೆ. ಅಳುವುದಕ್ಕೂ ಮೊದಲಿನ ಸ್ಥಿತಿಯಲ್ಲಿ, ಯಾರು ಏನು ಹೇಳುತ್ತಿದ್ದಾರೆ ಎಂಬುದು ಕಿವಿಗೆ ಬಿದ್ದೂ ಒಳಗೆ ಇಳಿಯದ ಸ್ಥಿತಿಯಲ್ಲಿ ಅವರು ತುಂಬಾ ಹೊತ್ತು ನಿಲ್ಲುತ್ತಾರೆ. ನೋಡುವವರ ಎದೆ ಒಡೆಯುವುದು ಅದರಿಂದಲೇ. ಅದೇ ಕಂತಿನಲ್ಲಿ, ಊರನ್ನು ಅವಮಾನಿಸಿದ್ದ ಶಾಸಕ ಅಂತ್ಯಕ್ರಿಯೆಗೆ ಬಂದಾಗ ಅವನನ್ನು ವಾಪಸ್ ಕಳಿಸುವವರ ಸಾಲಿನಲ್ಲಿ ಮಂಜು ದೇವಿ ನಿಂತಿದ್ದಾಳೆ. ರಾಷ್ಟ್ರಗೀತೆಗೆ ತಡವರಿಸಿದ ಹೆಂಗಸು ಎಷ್ಟು ದೂರ ಬಂದಿದ್ದಾಳೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾವೇ ಅಳೆದುಕೊಳ್ಳುತ್ತೇವೆ.

ಎರಡೂವರೆ ಗಂಟೆಯ ಸಿನಿಮಾದಲ್ಲಿ ಈ ಪರಿಣಾಮ ಸಿಗುವುದಿಲ್ಲ. ನಗುವ ಮನುಷ್ಯನೊಬ್ಬನ ಜೊತೆ ಎರಡು ವರ್ಷ ಕಳೆದ ಮೇಲೆ ಬರುವ ದುಃಖಕ್ಕೆ ಬೇರೆಯದೇ ತೂಕ ಇರುತ್ತದೆ. ಒಂದು ಸೀರೀಸ್ ನಮ್ಮ ಅಷ್ಟೊಂದು ಸಮಯವನ್ನು ಕೇಳಬೇಕಾದರೆ ಆ ಸಮಯದಿಂದಲೇ ಏನನ್ನಾದರೂ ಕಟ್ಟಿಕೊಡಬೇಕು. ಹತ್ತು ಗಂಟೆ ನೋಡಿದ ಮೇಲೆ, ಎರಡು ಗಂಟೆಯಲ್ಲಿ ಸಿಗಲಾರದ್ದು ಏನು ಸಿಕ್ಕಿತು ಎಂಬ ಪ್ರಶ್ನೆಯೇ ನಾನು ಮೊದಲು ಹೇಳಿದ ಅಳತೆಗೋಲು. ಬರೀ ಕುತೂಹಲವನ್ನು ಎಳೆದು ಎಳೆದು ಹತ್ತು ಗಂಟೆ ತುಂಬಿಸುವ ಸೀರೀಸ್‌ಗಳು ಈ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ‘ಪಂಚಾಯತ್’ನ ಮೊದಲ ಎರಡು ಸೀಸನ್ ತಲೆಯೆತ್ತಿ ನಿಲ್ಲುತ್ತವೆ.

ಹಾಗೆಂದು ಅವಕ್ಕೂ ದೋಷವಿಲ್ಲವೆಂದಲ್ಲ. ದೊಡ್ಡ ದೋಷವೊಂದಿದೆ, ಅದನ್ನು ಪ್ರೀತಿಯಿಂದ ನೋಡುವವರೇ ಗಟ್ಟಿಯಾಗಿ ಹೇಳಬೇಕು. ಕಾರ್ಯದರ್ಶಿ ತ್ರಿಪಾಠಿ, ಪ್ರಧಾನ ದುಬೆ, ಉಪಪ್ರಧಾನ ಪಾಂಡೆ, ಕಚೇರಿ ಸಹಾಯಕ ಶುಕ್ಲಾ. ಕಥೆಯ ನಡುಮನೆಯಲ್ಲಿ ಕೂತ ನಾಲ್ವರೂ ಒಂದೇ ಜಾತಿಯವರು. ಪೂರ್ವ ಉತ್ತರ ಪ್ರದೇಶದ ಒಂದು ಪಂಚಾಯಿತಿಯ ಕಥೆ ಹೇಳುತ್ತಾ ಜಾತಿಯ ಮಾತನ್ನು ಎತ್ತದೆ ವರ್ಷಗಟ್ಟಲೆ ಸಾಗುವುದು ಸಾಧ್ಯವಾದದ್ದೇ ಈ ಆಯ್ಕೆಯಿಂದ. ಶೌಚಾಲಯವಿಲ್ಲದ ವಿನೋದ್ ಎರಡನೇ ಸೀಸನ್ನಿನಲ್ಲಿ ಬರುತ್ತಾನೆ. ಊರು ಬಯಲು ಶೌಚ ಮುಕ್ತ ಎಂದು ಪಂಚಾಯಿತಿ ಬರೆದುಕೊಟ್ಟಿದೆ, ತಪಾಸಣೆಗೆ ಅಧಿಕಾರಿ ಬರುವವರಿದ್ದಾರೆ. ಊರಿನಲ್ಲಿ ಪ್ರಧಾನನ ಎದುರಾಳಿಯಾದ ಭೂಷಣ್ ಎಂಬವನು ವಿನೋದನನ್ನು ಎತ್ತಿಕಟ್ಟುತ್ತಾನೆ, ಪಂಚಾಯಿತಿಯವರು ಊಟ ಹಾಕಿ ಸಮಾಧಾನ ಮಾಡುತ್ತಾರೆ. ಅಶೋಕ್ ಪಾಠಕ್ ಆ ಪಾತ್ರಕ್ಕೆ ಜೀವ ತುಂಬಿದ್ದಾರೆ. ಆದರೆ ವಿನೋದನ ಮನೆಗೇ ಶೌಚಾಲಯ ಯಾಕೆ ಬರಲಿಲ್ಲ, ಅವನು ಊರಿನ ಯಾವ ಕೇರಿಯವನು, ಸಭೆಯಲ್ಲಿ ಅವನಿಗೆ ಕೂರಲು ಜಾಗವಿದೆಯೇ ಎಂಬ ಪ್ರಶ್ನೆಗಳನ್ನು ಕಥೆ ಕೇಳುವುದಿಲ್ಲ. ಸೋಲಾರ್ ದೀಪಗಳ ಸಭೆಯಲ್ಲೂ ಅಷ್ಟೇ. ದೀಪ ಯಾರಿಗೆ ಸಿಕ್ಕಿತು ಎಂದು ನೋಡಿದೆವು, ಯಾವ ಕೇರಿ ಕತ್ತಲಲ್ಲಿ ಉಳಿಯಿತು ಎಂದು ತೋರಿಸಲಿಲ್ಲ.

ಕನ್ನಡದ ಓದುಗನಿಗೆ ಇದು ಬೇಗ ಕಣ್ಣಿಗೆ ಬೀಳುತ್ತದೆ. ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದದ್ದು 1930ರ ದಶಕದಲ್ಲಿ. ಅಲ್ಲಿಂದ ದೇವನೂರ ಮಹಾದೇವರವರೆಗೆ, ಹಳ್ಳಿ ಎಂದ ಮೇಲೆ ಅದರ ಕೇರಿಗಳನ್ನು ಬಿಟ್ಟು ಬರೆಯಲಾಗದು ಎಂಬ ಅರಿವನ್ನು ನಮ್ಮ ಸಾಹಿತ್ಯ ಕೊಟ್ಟಿದೆ. ಇದೇ ಪ್ರೈಮ್‌ನಲ್ಲಿ ಇದೇ 2020ರ ಮೇ 15ರಂದು ಬಂದ ‘ಪಾತಾಲ್ ಲೋಕ್’ ಜಾತಿಯನ್ನೂ ಧರ್ಮವನ್ನೂ ನೇರವಾಗಿ ಎದುರಿಸಿತು. ಜೈದೀಪ್ ಅಹ್ಲಾವತ್ ಅವರ ಹಾಥಿರಾಮ್ ಚೌಧರಿ ಎಂಬ ಸಾಮಾನ್ಯ ಇನ್‌ಸ್ಪೆಕ್ಟರ್ ಒಂದು ಪ್ರಕರಣದ ಬೆನ್ನು ಹತ್ತಿ ಹೋಗುತ್ತಾ ಹೋಗುತ್ತಾ ದೇಶದ ಗಾಯಗಳನ್ನೇ ಕಾಣುತ್ತಾನೆ. ಆದರೆ ಅದು ರಕ್ತದಲ್ಲಿ ತೊಯ್ದ ಕಥೆ, ಎಲ್ಲ ಮನೆಗಳಲ್ಲೂ ಎಲ್ಲರೂ ಕೂತು ನೋಡಲಾಗದು. ಹಳ್ಳಿಯನ್ನು ನಗುತ್ತಾ ತೋರಿಸಿದರೆ ಜಾತಿ ಮರೆಯಾಗಬೇಕು, ಜಾತಿ ತೋರಿಸಿದರೆ ರಕ್ತ ಹರಿಯಬೇಕು ಎಂಬಂತೆ ನಮ್ಮ ಓಟಿಟಿ ಎರಡು ದಾರಿ ಮಾಡಿಕೊಂಡಿದೆ. ನಗುವ ಕಣ್ಣಿನಲ್ಲೇ ಕೇರಿಯನ್ನೂ ನೋಡಬಲ್ಲ ಬರಹಗಾರ ಬೇಕಾಗಿದ್ದಾನೆ. ಚಂದನ್ ಕುಮಾರ್‌ಗೆ ಆ ಶಕ್ತಿ ಇದೆ ಎಂದು ಅವರ ಮೊದಲ ಸೀಸನ್ನೇ ಹೇಳುತ್ತದೆ, ಆದ್ದರಿಂದಲೇ ಈ ದೂರು.

ಮೂರನೇ ಸೀಸನ್‌ನಿಂದ ಬೇರೆ ತೊಂದರೆ ಶುರುವಾಗುತ್ತದೆ. ಮಗ ಹೋದ ಮನೆಯೊಳಗೆ ಮಲಗಲಾರದೆ, ಕುಡಿದು ಎಲ್ಲೆಂದರಲ್ಲಿ ಬಿದ್ದಿರುವ ಪ್ರಹ್ಲಾದನ ಆರಂಭದ ದೃಶ್ಯಗಳಲ್ಲಿ ಹಳೆಯ ಕಸು ಇನ್ನೂ ಉಳಿದಿದೆ. ಸರ್ಕಾರಿ ವಸತಿ ಯೋಜನೆಯ ಮನೆಗಾಗಿ, ಮೊಮ್ಮಗನಿಂದ ಬೇರೆಯಾದಂತೆ ನಟಿಸುವ ಅಜ್ಜಿಯ ಕಥೆಯೂ ಮೊದಲ ಸೀಸನ್ನಿನ ಮಟ್ಟದ್ದೇ. ಒಂದು ಮನೆ ಮಂಜೂರಾಗಲಿ ಎಂದು ಇಳಿವಯಸ್ಸಿನ ಹೆಂಗಸು ತನ್ನವರಿಂದ ದೂರವಾದ ಸುಳ್ಳನ್ನು ಬದುಕಬೇಕಾಗಿ ಬರುವುದು ಎಂಥ ಸ್ಥಿತಿ ಎಂದು ಆ ಕಥೆ ಕೇಳುತ್ತದೆ. ಆಶ್ರಯ ಮನೆಯ ಪಟ್ಟಿಗಾಗಿ ಪಂಚಾಯಿತಿ ಬಾಗಿಲು ಕಾದ ನಮ್ಮವರಿಗೆ ಅದರ ಉತ್ತರ ಗೊತ್ತು. ಆದರೆ ಇವು ಅಲ್ಲಲ್ಲಿ ಉಳಿದ ಚೂರುಗಳು. ಸೀಸನ್ನಿನ ಬೆನ್ನೆಲುಬು ಶಾಸಕ ಮತ್ತು ಪ್ರಧಾನನ ಹಗೆ. ಪಾರಿವಾಳದ ಸಾವು, ಗುಂಪು ಕಟ್ಟಿ ಹೊಡೆದಾಟ, ಕೊನೆಗೆ ಪ್ರಧಾನನ ಮೇಲೆ ಗುಂಡು. ಗುಂಡು ಹಾರಿಸಿದವರು ಯಾರು ಎಂಬ ಪ್ರಶ್ನೆಯನ್ನು ಮುಂದಿನ ಸೀಸನ್‌ಗೆ ಬಿಟ್ಟು ಕಥೆ ನಿಲ್ಲುತ್ತದೆ. ಬೀಗದ ಕೈ ಹುಡುಕುತ್ತಾ ನಮ್ಮನ್ನು ಹಿಡಿದಿಟ್ಟ ಬರಹಗಾರರಿಗೆ ಪಿಸ್ತೂಲಿನ ಆಸರೆ ಬೇಕಾಯಿತಲ್ಲ ಎಂಬುದೇ ಬೇಸರ.

ನಾಲ್ಕನೇ ಸೀಸನ್ ಪೂರ್ತಿ ಚುನಾವಣೆ. ಮಂಜು ದೇವಿಯ ಎದುರಾಳಿ ಭೂಷಣನ ಹೆಂಡತಿ ಕ್ರಾಂತಿ ದೇವಿ. ಒಬ್ಬಳ ಗುರುತು ಸೋರೆಕಾಯಿ, ಇನ್ನೊಬ್ಬಳದು ಪ್ರೆಷರ್ ಕುಕ್ಕರ್. ಮೊದಲ ಸೀಸನ್‌ನಲ್ಲಿ ಸೋರೆಕಾಯಿಗೆ ಒಂದು ಮಾನವಿತ್ತು. ಪ್ರಧಾನರ ಹಿತ್ತಲಿನಿಂದ ಬಂದ ಆ ಕಾಯಿ ಊರಿಗೆ ಹೊಸದಾಗಿ ಬಂದ ಹುಡುಗನನ್ನು ಒಳಗೆ ಕರೆದುಕೊಳ್ಳುವ ಬಗೆಯಾಗಿತ್ತು, ಅದರಲ್ಲಿ ಸ್ವಲ್ಪ ಓಲೈಕೆ, ಸ್ವಲ್ಪ ಅಕ್ಕರೆ ಎರಡೂ ಇದ್ದವು. ನಾಲ್ಕನೇ ಸೀಸನ್‌ನಲ್ಲಿ ಅದು ಮೆರವಣಿಗೆಯ ಬಾವುಟದ ಮೇಲಿನ ಚಿತ್ರ. ಒಂದು ಗುಂಪು ಒಂದು ತಂತ್ರ ಹೂಡುತ್ತದೆ, ಇನ್ನೊಂದು ಗುಂಪು ಅದಕ್ಕೆ ಪ್ರತಿತಂತ್ರ. ಇದೇ ಲೆಕ್ಕಾಚಾರ ಎಂಟು ಕಂತು.

ಎಲ್ಲಕ್ಕಿಂತ ದೊಡ್ಡ ನಷ್ಟವಾದದ್ದು ಮಂಜು ದೇವಿಗೆ. ಇಬ್ಬರು ಹೆಂಗಸರು ಚುನಾವಣೆಗೆ ನಿಂತಿದ್ದಾರೆ, ನಿಜವಾಗಿ ಸೆಣಸುತ್ತಿರುವವರು ಇಬ್ಬರು ಗಂಡಂದಿರು. ಈ ಸ್ಥಿತಿಯನ್ನೇ ಕಥೆಯ ಕೇಂದ್ರ ಮಾಡಿಕೊಂಡಿದ್ದರೆ ಸೀರೀಸ್ ತನ್ನ ಎಲ್ಲ ಹಾದಿಯನ್ನೂ ಅಲ್ಲಿಗೆ ತಂದು ಮುಟ್ಟಿಸಬಹುದಿತ್ತು. ಐದು ವರ್ಷ ಅಧಿಕಾರದಲ್ಲಿದ್ದ ಹೆಂಗಸು ಈಗ ತಾನೇ ನಿಂತು ಮತ ಕೇಳುತ್ತಾಳೆಯೇ, ತಾನು ಮಾಡಿದ ಕೆಲಸ ಇಂಥದ್ದು ಎಂದು ಊರಿನ ಮುಂದೆ ಹೇಳಬಲ್ಲಳೇ, ಎದುರಾಳಿ ಹೆಂಗಸಿನ ಜೊತೆ ಅವಳಿಗೆ ಬೇರೆ ಯಾವುದಾದರೂ ಮಾತಿದೆಯೇ? ಇವು ಕಾಯುತ್ತಲೇ ಉಳಿದವು. ಕೊನೆಗೆ ಮಂಜು ದೇವಿ ಸೋಲುತ್ತಾಳೆ. ಸೋಲಿಸಿದ್ದು ತಪ್ಪಲ್ಲ, ಚುನಾವಣೆಯಲ್ಲಿ ಒಳ್ಳೆಯವರು ಸೋಲುತ್ತಾರೆ. ಆದರೆ ಆ ಸೋಲು ಅವಳದ್ದಾಗುವಂತೆ ಕಥೆ ಕಟ್ಟಬೇಕಿತ್ತು, ಅದು ಗಂಡನ ಬಣದ ಸೋಲಾಗಿ ಮುಗಿಯಿತು. ಪ್ರಧಾನ್ ಪತಿಯ ವಿರುದ್ಧ ಜಾಗೃತಿ ಮೂಡಿಸಲು ಸಚಿವಾಲಯ ಈ ಕಲಾವಿದರನ್ನು ಕರೆದ ವರ್ಷದಲ್ಲೇ ಮೂಲ ಸೀರೀಸ್ ಆ ಪ್ರಶ್ನೆಯನ್ನು ಕೈಬಿಟ್ಟದ್ದು ಸಣ್ಣ ಚ್ಯುತಿಯಲ್ಲ.

ಯಾಕೆ ಹೀಗಾಯಿತು? ಜನಪ್ರಿಯವಾದ ಸೀರೀಸನ್ನು ಯಾರೂ ನಿಲ್ಲಿಸುವುದಿಲ್ಲ. ಪಾತ್ರಗಳು ಊರೂರಿಗೆ ಪರಿಚಿತವಾಗಿವೆ, ಅವರ ಮಾತುಗಳು ಮೀಮ್‌ಗಳಾಗಿವೆ, ಮತ್ತೊಂದು ಸೀಸನ್ ಬಂದರೆ ನೋಡುವವರು ಖಾತ್ರಿ. ಇಂಥ ಹೊತ್ತಿನಲ್ಲಿ ಹೊಸದಾಗಿ ಹೇಳಬೇಕಾದ್ದು ಏನಾದರೂ ಇದೆಯೇ ಎಂಬ ಪ್ರಶ್ನೆ ಹಿಂದಕ್ಕೆ ಸರಿಯುತ್ತದೆ. ಎಂಟು ಬಿಡಿ ಕಥೆಗಳನ್ನು ಒಂದು ಊರಿನಲ್ಲಿ ಪೋಣಿಸಿದ್ದು ಮೊದಲ ಸೀಸನ್ನಿನ ಶಕ್ತಿಯಾಗಿತ್ತು. ಒಂದೇ ಹಗೆಯನ್ನು ಹದಿನಾರು ಕಂತಿಗೆ ಹಿಗ್ಗಿಸಿದ್ದು ಕೊನೆಯ ಎರಡು ಸೀಸನ್ನಿನ ದೌರ್ಬಲ್ಯ. ನೋಡುವವರಾಗಿ ನಮ್ಮ ಪಾಲೂ ಇದರಲ್ಲಿದೆ. ‘ಹಳೆಯದರಷ್ಟಿಲ್ಲ, ಆದರೂ ನೋಡಬಹುದು’ ಎಂದು ಹೇಳಿ ಸುಮ್ಮನಾಗುವ ಬದಲು ಎಲ್ಲಿ ಕೆಟ್ಟಿತು ಎಂದು ಹೇಳಬೇಕು. ಹಾಗೆ ಹೇಳುವುದರಿಂದಲೇ ಒಳ್ಳೆಯದನ್ನು ಬೇಡುವ ಪ್ರೇಕ್ಷಕವರ್ಗ ಬೆಳೆಯುತ್ತದೆ.

ಇಲ್ಲಿ ಕನ್ನಡದ ಮಾತೂ ಬರಬೇಕು. ‘ಪಂಚಾಯತ್’ ತಮಿಳಿನಲ್ಲಿ 2024ರಲ್ಲಿ ‘ತಲೈವೆಟ್ಟಿಯಾನ್ ಪಾಳಯಂ’ ಆಗಿ, ತೆಲುಗಿನಲ್ಲಿ 2025ರಲ್ಲಿ ‘ಸಿವರಪಲ್ಲಿ’ ಆಗಿ ಪ್ರೈಮ್‌ನಲ್ಲೇ ಬಂತು. ಕನ್ನಡದಲ್ಲಿ ಹಾಗೆ ಬರಲಿಲ್ಲ. ರೀಮೇಕ್ ಬರಲಿಲ್ಲವೆಂದು ನಾನು ಕೊರಗುವುದಿಲ್ಲ. ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿರುವ, ನಜೀರ್ ಸಾಬರ ಪರಂಪರೆಯಿರುವ ನಾಡಿಗೆ ಎರವಲು ಫುಲೇರಾ ಬೇಕಿಲ್ಲ. ಪಿಡಿಒ, ಬಿಲ್ ಕಲೆಕ್ಟರ್, ವಾಟರ್‌ಮ್ಯಾನ್, ನರೇಗಾ ಜಾಬ್ ಕಾರ್ಡ್, ಇ-ಸ್ವತ್ತು, ಗ್ರಾಮಸಭೆ, ಇವುಗಳಲ್ಲಿ ನಮ್ಮದೇ ನೂರು ಕಂತುಗಳಿವೆ. ಕೊರತೆ ಕಥೆಯದ್ದಲ್ಲ, ಜಾಗದ್ದು. ಸುಮಂತ್ ಭಟ್ ಮತ್ತು ಸಂದೀಪ್ ಪಿ. ಎಸ್. ರೂಪಿಸಿದ, ರಕ್ಷಿತ್ ಶೆಟ್ಟಿ ಬೆಂಬಲಕ್ಕೆ ನಿಂತ ‘ಏಕಂ’ ಎಂಬ ಏಳು ಕಥೆಗಳ ಕನ್ನಡ ಸೀರೀಸ್ ಕರಾವಳಿಯ ಬದುಕನ್ನು ಹಿಡಿದ ಒಳ್ಳೆಯ ಪ್ರಯತ್ನ. ದೊಡ್ಡ ಓಟಿಟಿಗಳಲ್ಲಿ ಜಾಗ ಸಿಗದೆ ಅದು 2024ರ ಜುಲೈನಲ್ಲಿ ತನ್ನದೇ ಜಾಲತಾಣ ಮಾಡಿಕೊಂಡು ಬಿಡುಗಡೆಯಾಗಬೇಕಾಯಿತು. ಅಂಥ ಕೆಲಸಗಳಿಗೆ ಜಾಹೀರಾತಿನ ಬಲವಿಲ್ಲ. ಅವು ಜನರನ್ನು ತಲುಪುವುದು ನೋಡಿದವರು ಇನ್ನೊಬ್ಬರಿಗೆ ಹೇಳಿದರೆ ಮಾತ್ರ.

ಹಾಗಾಗಿ ಹೇಳುವುದನ್ನು ಸರಿಯಾಗಿ ಹೇಳೋಣ. ‘ಪಂಚಾಯತ್’ನ ಮೊದಲ ಎರಡು ಸೀಸನ್‌ಗಳನ್ನು ತಪ್ಪದೆ ನೋಡಿ, ಸಾಧ್ಯವಾದರೆ ಮನೆಯ ಹಿರಿಯರ ಜೊತೆ ಕೂತು, ಡಬ್ಬಿಂಗ್ ಬಿಟ್ಟು ಮೂಲ ಹಿಂದಿಯಲ್ಲೇ ನೋಡಿ. ಆ ನಟರ ದನಿಯಲ್ಲಿರುವ ಪೂರ್ವಾಂಚಲದ ಎಳೆತ ಅರ್ಧ ನಟನೆಗೆ ಸಮ. ನೋಡುವಾಗ ಫುಲೇರಾದ ಯಾವ ಕೇರಿ ಪರದೆಯ ಮೇಲೆ ಬರಲಿಲ್ಲ ಎಂದೂ ಕೇಳಿಕೊಳ್ಳಿ. ಮೂರನೆಯದರಲ್ಲಿ ಪ್ರಹ್ಲಾದನಿಗಾಗಿ ಮತ್ತು ಮನೆ ಕೇಳಿದ ಅಜ್ಜಿಗಾಗಿ ಮೊದಲ ಕೆಲವು ಕಂತುಗಳನ್ನು ನೋಡಬಹುದು. ನಾಲ್ಕನೆಯದನ್ನು ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ. ಇನ್ನೊಬ್ಬರಿಗೆ ಈ ಸೀರೀಸ್ ಹೇಳುವಾಗ ಇಷ್ಟನ್ನೂ ಸೇರಿಸಿ ಹೇಳಿ. ನಾಳೆ ಕನ್ನಡದಲ್ಲಿ ಇಂಥದ್ದೊಂದು ಬಂದಾಗಲೂ ಅದನ್ನು ಇದೇ ಅಳತೆಗೋಲಿನಿಂದ ಅಳೆಯಿರಿ.